ಮೆಣಸಿನಕಾಯಿಯ ಕೆಂಪು ವಿಡಿಯೊದಲ್ಲಿ ಎಲ್ಲಿ ಕಳೆದುಹೋಗುತ್ತದೆ?

ಪ್ರಶ್ನೆ: ನಾವು ಬ್ಯಾಡಗಿಯಲ್ಲಿ ಎರಡು ತಲೆಮಾರಿನಿಂದ ಮೆಣಸಿನಕಾಯಿ ದಲಾಲಿ ಅಂಗಡಿ ನಡೆಸುತ್ತಿದ್ದೇವೆ. ಈಗ ದೂರದ ಖರೀದಿದಾರರಿಗೆ ಲಾಟಿನ ವಿಡಿಯೊವನ್ನು ಮೊಬೈಲಿನಲ್ಲಿ ತೆಗೆದು ಕಳುಹಿಸುತ್ತೇನೆ. ತಗಡಿನ ಶೆಡ್ಡಿನೊಳಗೆ, ಟ್ಯೂಬ್‌ಲೈಟ್ ಕೆಳಗೆ, ನೀಲಿ ತಾಡಪತ್ರಿಯ ಮೇಲೆ ರಾಶಿ ಹಾಕಿ ತೆಗೆಯುತ್ತೇನೆ. ಕಣ್ಣಿಗೆ ಕಡುಗೆಂಪಾಗಿ ಕಾಣುವ ಡಬ್ಬಿ ಕಾಯಿ ವಿಡಿಯೊದಲ್ಲಿ ಒಮ್ಮೆ ಕಿತ್ತಳೆಯಾಗಿ, ಒಮ್ಮೆ ಕಂದಾಗಿ ಕಾಣುತ್ತದೆ. ಕಾಯಿಯ ಸುಕ್ಕುಗಳು ಮಾಯವಾಗಿ ರಾಶಿಯೆಲ್ಲ ಮುದ್ದೆಯಂತೆ ಇರುತ್ತದೆ. ಚೀಲದ ಮೇಲಿನ ಕೆಂಪು ಅಕ್ಷರಗಳು ಅಂಚಿನಲ್ಲಿ ಹರಡಿಕೊಂಡಿರುತ್ತವೆ. ಹೋದ ಸುಗ್ಗಿಯಲ್ಲಿ ಒಬ್ಬ ಖರೀದಿದಾರರು "ನೀವು ತೋರಿಸಿದ್ದು ಒಂದು ಮಾಲು, ಕಳುಹಿಸಿದ್ದು ಇನ್ನೊಂದು" ಎಂದು ಹೇಳಿದ್ದು ಇನ್ನೂ ನೋಯುತ್ತಿದೆ. ಈಚೆಗೆ ಯಾರೋ ಹೇಳಿದರು: "ಹೊಸ ವಿಡಿಯೊ ತಂತ್ರಜ್ಞಾನದಲ್ಲಿ ಬಣ್ಣವನ್ನು ಕಳುಹಿಸುವುದೇ ಇಲ್ಲ, ಬೆಳಕನ್ನು ನೋಡಿ ಬಣ್ಣವನ್ನು ಊಹೆ ಮಾಡುತ್ತಾರೆ." ಇದು ನಿಜವೇ? ನಮ್ಮ ಕಾಯಿಯ ಕೆಂಪು ಯಾವುದೋ ಯಂತ್ರದ ಊಹೆಯೇ? ಇದನ್ನು ನಿಲ್ಲಿಸುವ ದಾರಿ ಇದೆಯೇ, ಅಥವಾ ದುಬಾರಿ ಕ್ಯಾಮೆರಾ ಕೊಳ್ಳಬೇಕೇ?

ಉತ್ತರ: ನಿಮ್ಮ ಪ್ರಶ್ನೆಯನ್ನು ಓದಿದಾಗ ನನಗೆ ಮೊದಲು ಕಂಡದ್ದು ಆ ಖರೀದಿದಾರರ ಮಾತು. ಬ್ಯಾಡಗಿ ಕಾಯಿಗೆ 2011ರಲ್ಲಿ ಭೌಗೋಳಿಕ ಸೂಚ್ಯಂಕ ಸಿಕ್ಕಿತು. ಖಾರ ಕಡಿಮೆ, ಬಣ್ಣ ಹೆಚ್ಚು ಎಂಬುದೇ ಅದರ ಹೆಗ್ಗುರುತು. ಬೇರೆ ಸರಕಿನಲ್ಲಿ ಬಣ್ಣ ಒಂದಿಷ್ಟು ಆಚೀಚೆಯಾದರೆ ನಡೆದೀತು. ನಿಮ್ಮ ಸರಕಿನಲ್ಲಿ ಬಣ್ಣವೇ ಬೆಲೆ. ಹಾಗಾಗಿ ನಿಮ್ಮ ಆತಂಕ ಸಣ್ಣದಲ್ಲ. ನಾನು ಹಲವು ವರ್ಷ ವಿಡಿಯೊ ಡಿಕೋಡರ್‌ಗಳ ಮೇಲೆ, ಅಂದರೆ ಕುಗ್ಗಿಸಿದ ವಿಡಿಯೊವನ್ನು ಬಿಡಿಸಿ ತೋರಿಸುವ ಭಾಗದ ಮೇಲೆ, ಕೆಲಸ ಮಾಡಿ ಈಗ ಹುಬ್ಬಳ್ಳಿಯಲ್ಲಿ ನೆಲೆಸಿದ್ದೇನೆ. ಈ ಊಹೆಯ ಲೆಕ್ಕವನ್ನು ಒಳಗಿನಿಂದ ಕಂಡವನಾಗಿ ಉತ್ತರಿಸುತ್ತೇನೆ.

ಮೊದಲು ಒಂದು ವಿಷಯವನ್ನು ಬದಿಗೆ ಸರಿಸೋಣ. ಬೆಳಕಿನಿಂದ ಬಣ್ಣವನ್ನು ಅಂದಾಜು ಮಾಡುವ ವಿಧಾನ ನಿಜವಾಗಿಯೂ ಇದೆ. ಆದರೆ ನಿಮ್ಮ ವಿಡಿಯೊದಲ್ಲಿ ಅದು ಬಹುಶಃ ಬಳಕೆಯೇ ಆಗಿಲ್ಲ. ಸಂದೇಶ ಕಳುಹಿಸುವ ಆ್ಯಪ್‌ಗಳು ವಿಡಿಯೊವನ್ನು ಸಾಮಾನ್ಯವಾಗಿ ಎಚ್.264 ಎಂಬ ಕೋಡೆಕ್‌ನಲ್ಲಿ ಮತ್ತೆ ಕುಗ್ಗಿಸುತ್ತವೆ. ಕೋಡೆಕ್ ಎಂದರೆ ವಿಡಿಯೊವನ್ನು ಕುಗ್ಗಿಸಿ ಮತ್ತೆ ಬಿಡಿಸುವ ಕ್ರಮ. ಅದು 2003ರ ಮಾನದಂಡ. ಈ ವಿಧಾನ ಅದರಲ್ಲಿ ಇಲ್ಲ. ಮೊಬೈಲುಗಳು ರೆಕಾರ್ಡ್ ಮಾಡಲು ಬಳಸುವ, 2013ರ ಎಚ್ಇವಿಸಿಯ ಸಾಮಾನ್ಯ ರೂಪದಲ್ಲೂ ಇಲ್ಲ. ಅದು ಇರುವುದು 2018ರಲ್ಲಿ ಬಂದ ಎವಿ1ನಲ್ಲಿ ಮತ್ತು 2020ರಲ್ಲಿ ಬಂದ ವಿವಿಸಿಯಲ್ಲಿ. ಖರೀದಿದಾರರಿಗೆ ತಲುಪಿದ ಫೈಲನ್ನು ಕಂಪ್ಯೂಟರಿನಲ್ಲಿ ವಿಎಲ್‌ಸಿ ಪ್ಲೇಯರ್‌ನಲ್ಲಿ ತೆರೆದು ಕೋಡೆಕ್ ಮಾಹಿತಿ ನೋಡಿದರೆ ಯಾವುದೆಂದು ತಿಳಿಯುತ್ತದೆ. ಯೂಟ್ಯೂಬಿಗೆ ಹಾಕಿ ಕೊಂಡಿ ಕಳುಹಿಸಿದರೆ ಮಾತ್ರ ಎವಿ1 ಎದುರಾಗುವ ಸಾಧ್ಯತೆ ಇದೆ.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ನಾಳೆ ನಿಮ್ಮ ಆ್ಯಪ್ ಕೂಡ ಹೊಸ ಕೋಡೆಕ್‌ಗೆ ಬದಲಾಗಬಹುದು. ಆಗ ಇದೇ ಅನುಮಾನ ಮತ್ತೆ ಕಾಡಬಾರದು. ಆದ್ದರಿಂದ ಆ ಊಹೆ ಎಂಥದು ಎಂಬುದನ್ನು ಬಿಡಿಸಿ ಹೇಳುತ್ತೇನೆ.

ವಿಡಿಯೊದಲ್ಲಿ ಪ್ರತಿ ಪಿಕ್ಸೆಲ್ಲನ್ನು ಕೆಂಪು, ಹಸಿರು, ನೀಲಿ ಎಂದು ಮೂರಾಗಿ ಕಳುಹಿಸುವುದಿಲ್ಲ. ಬೆಳಕಿನ ಪ್ರಮಾಣವನ್ನು ಬೇರೆ ಮಾಡುತ್ತಾರೆ, ಅದಕ್ಕೆ ಲೂಮಾ ಎಂದು ಹೆಸರು. ಬಣ್ಣದ ಎರಡು ಅಂಶಗಳನ್ನು ಬೇರೆ ಮಾಡುತ್ತಾರೆ, ಅವು ಕ್ರೋಮಾ. ಒಂದು, ನೀಲಿಯತ್ತ ಎಷ್ಟು ವಾಲಿದೆ ಎಂಬುದು. ಇನ್ನೊಂದು, ಕೆಂಪಿನತ್ತ ಎಷ್ಟು ವಾಲಿದೆ ಎಂಬುದು. ಈ ವಿಂಗಡಣೆಯ ಆಲೋಚನೆಗೆ 1938ರಲ್ಲೇ ಫ್ರಾನ್ಸಿನ ಜಾರ್ಜ್ ವಾಲೆನ್ಸಿ ಪೇಟೆಂಟ್ ಪಡೆದಿದ್ದರು. ಕಪ್ಪು ಬಿಳುಪಿನ ಟಿವಿ ಇದ್ದವರೂ ಬಣ್ಣದ ಪ್ರಸಾರವನ್ನು ನೋಡಲು ಸಾಧ್ಯವಾದದ್ದು ಅದರಿಂದ. 1982ರಲ್ಲಿ ದೂರದರ್ಶನ ಬಣ್ಣಕ್ಕೆ ತಿರುಗಿದಾಗ ನಮ್ಮ ಮನೆಗಳ ಹಳೆಯ ಪೆಟ್ಟಿಗೆಗಳು ಕೆಟ್ಟು ಕೂರಲಿಲ್ಲ. ಅವು ಲೂಮಾ ಭಾಗವನ್ನಷ್ಟೇ ತೆಗೆದುಕೊಂಡು ತೋರಿಸಿದವು.

ಮನುಷ್ಯನ ಕಣ್ಣು ಬೆಳಕಿನ ಸೂಕ್ಷ್ಮವನ್ನು ಚೆನ್ನಾಗಿ ಹಿಡಿಯುತ್ತದೆ, ಬಣ್ಣದ ಸೂಕ್ಷ್ಮವನ್ನು ಅಷ್ಟು ಹಿಡಿಯುವುದಿಲ್ಲ. ಇದನ್ನು ಬಳಸಿಕೊಂಡು ಬಣ್ಣವನ್ನು ಅಗಲದಲ್ಲಿ ಅರ್ಧ, ಎತ್ತರದಲ್ಲಿ ಅರ್ಧ ಮಾಡುತ್ತಾರೆ. 1920 ಅಗಲ, 1080 ಎತ್ತರದ ಚಿತ್ರದಲ್ಲಿ ಲೂಮಾ ಬಿಂದುಗಳು 20,73,600. ಪ್ರತಿ ಕ್ರೋಮಾಕ್ಕೆ 960 ಮತ್ತು 540ರ ಗುಣಲಬ್ಧ, ಅಂದರೆ 5,18,400 ಮಾತ್ರ. ನಾಲ್ಕು ಪಿಕ್ಸೆಲ್ಲಿಗೆ ಒಂದೇ ಬಣ್ಣ. ಇದನ್ನು 4:2:0 ಎನ್ನುತ್ತಾರೆ. ನಿಮ್ಮ ಮೊಬೈಲು, ಆ್ಯಪ್, ಯೂಟ್ಯೂಬ್, ಟಿವಿ ಚಾನೆಲ್ ಎಲ್ಲವೂ ಇದನ್ನೇ ಬಳಸುತ್ತವೆ. ಈ ಅಂಶವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಇನ್ನು ಊಹೆಯ ವಿಷಯ. ನಿಮ್ಮ ಅಂಗಡಿಯ ಲೆಕ್ಕದಿಂದಲೇ ಹೇಳುತ್ತೇನೆ. ನೂರು ಚೀಲಗಳ ತೂಕವನ್ನು ನೀವು ಫೋನಿನಲ್ಲಿ ನಿಮ್ಮ ತಮ್ಮನಿಗೆ ಹೇಳಬೇಕು ಎಂದುಕೊಳ್ಳಿ. ಒಂದೊಂದನ್ನೂ ಪೂರ್ತಿ ಹೇಳುವುದಕ್ಕಿಂತ ಸುಲಭದ ದಾರಿ ಇದೆ. "ಪ್ರತಿ ಚೀಲವನ್ನೂ ಅದರ ಹಿಂದಿನ ಚೀಲದಷ್ಟೇ ಎಂದು ಬರೆದುಕೋ, ನಾನು ವ್ಯತ್ಯಾಸವನ್ನಷ್ಟೇ ಹೇಳುತ್ತೇನೆ" ಎನ್ನುತ್ತೀರಿ. ಅರ್ಧ ಕಿಲೊ ಹೆಚ್ಚು, ಕಾಲು ಕಿಲೊ ಕಡಿಮೆ, ಸರಿಸಮ ಹೀಗೆ. ತಮ್ಮನ ಪುಸ್ತಕದಲ್ಲಿ ಕೊನೆಗೆ ಬರುವುದು ನಿಜವಾದ ತೂಕವೇ. ಹಿಂದಿನ ಚೀಲ ಅಂದಾಜಿಗೆ, ತೂಕದ ಚೀಟಿ ತಿದ್ದುಪಡಿಗೆ. ಅಂದಾಜು ಚೆನ್ನಾಗಿದ್ದಷ್ಟೂ ಹೇಳಬೇಕಾದ ಮಾತು ಕಡಿಮೆ. ವಿಡಿಯೊ ಕುಗ್ಗಿಸುವ ಕೋಡೆಕ್‌ಗಳೆಲ್ಲ ಇದನ್ನೇ ಮಾಡುತ್ತವೆ. ಚಿತ್ರವನ್ನು ಸಣ್ಣ ಚೌಕಗಳಾಗಿ ಒಡೆದು, ಪಕ್ಕದ ಚೌಕವನ್ನು ನೋಡಿ, ಹಿಂದಿನ ಚಿತ್ರವನ್ನು ನೋಡಿ ಅಂದಾಜು ಮಾಡುತ್ತವೆ, ಆಮೇಲೆ ವ್ಯತ್ಯಾಸವನ್ನು ಕಳುಹಿಸುತ್ತವೆ.

ಹೊಸ ಕೋಡೆಕ್‌ಗಳು ಕಂಡುಕೊಂಡದ್ದು ಇಷ್ಟು: ಬಣ್ಣಕ್ಕೆ ಪಕ್ಕದ ಚೌಕಕ್ಕಿಂತ ಒಳ್ಳೆಯ ಸಾಕ್ಷಿ ಒಂದಿದೆ, ಅದು ಅದೇ ಜಾಗದ ಬೆಳಕು. ಅದು ಆಗಲೇ ತಲುಪಿರುತ್ತದೆ. ನಿಮ್ಮ ರಾಶಿಯನ್ನೇ ನೋಡಿ. ಒಂದು ಕಾಯಿಯ ಸುಕ್ಕಿನ ಮೇಲ್ಭಾಗದ ಮೇಲೆ ಬೆಳಕು ಬಿದ್ದಿದೆ. ಅಲ್ಲಿ ಲೂಮಾವೂ ಹೆಚ್ಚು, ಕೆಂಪಿನ ಅಂಶವೂ ಹೆಚ್ಚು. ಸುಕ್ಕಿನ ಒಳಗೆ ನೆರಳು. ಅಲ್ಲಿ ಎರಡೂ ಕಡಿಮೆ. ಬೆಳಕು ಏರಿದಂತೆ ಕೆಂಪು ಏರುತ್ತದೆ, ಇಳಿದಂತೆ ಇಳಿಯುತ್ತದೆ. ಒಂದೇ ವಸ್ತುವಿನೊಳಗೆ ಈ ನಂಟು ಬಹುತೇಕ ಸರಳರೇಖೆಯಲ್ಲಿ ಇರುತ್ತದೆ.

ಎವಿ1 ಮಾಡುವ ಲೆಕ್ಕವನ್ನು ಸಂಖ್ಯೆಯಲ್ಲಿ ತೋರಿಸುತ್ತೇನೆ. ಒಂದು ಚೌಕದಲ್ಲಿ ಲೂಮಾದ ಸರಾಸರಿ 70 ಎಂದುಕೊಳ್ಳಿ. ಸುತ್ತಲಿನ ಪಿಕ್ಸೆಲ್ಲುಗಳನ್ನು ನೋಡಿದಾಗ ಈ ಚೌಕದ ಕೆಂಪಿನ ಅಂಶ ಸುಮಾರು 165 ಇರಬಹುದು ಎಂದು ಗೊತ್ತಾಗಿದೆ. ಈಗ ಎನ್‌ಕೋಡರ್, ಅಂದರೆ ವಿಡಿಯೊವನ್ನು ಕುಗ್ಗಿಸುವ ಭಾಗ, ಒಂದು ಗುಣಕವನ್ನು ಕಳುಹಿಸುತ್ತದೆ, ಅದಕ್ಕೆ ಆಲ್ಫಾ ಎಂದು ಹೆಸರು. ಇಲ್ಲಿ ಅದು ಅರ್ಧ ಎಂದಿರಲಿ. ಸುಕ್ಕಿನ ಮೇಲಿನ ಪಿಕ್ಸೆಲ್ಲಿನ ಲೂಮಾ 94, ಸರಾಸರಿಗಿಂತ 24 ಹೆಚ್ಚು. 24ರ ಅರ್ಧ 12. ಅಂದಾಜು 177. ನಿಜವಾದ ಬೆಲೆ 175 ಇದ್ದರೆ ಕಳುಹಿಸಬೇಕಾದ ತಿದ್ದುಪಡಿ ಎರಡು ಕಡಿಮೆ ಎಂಬುದಷ್ಟೇ. ನೆರಳಿನ ಪಿಕ್ಸೆಲ್ಲಿನ ಲೂಮಾ 54, ಸರಾಸರಿಗಿಂತ 16 ಕಡಿಮೆ. ಅಂದಾಜು 157, ನಿಜ 158, ತಿದ್ದುಪಡಿ ಒಂದು ಹೆಚ್ಚು. ಬೆಳಕಿನ ಸಹಾಯ ಇಲ್ಲದೆ 165 ಎಂಬ ಒಂದೇ ಅಂಕಿಯನ್ನು ಚೌಕಕ್ಕೆಲ್ಲ ಬಳಿದಿದ್ದರೆ ಹತ್ತು ಹೆಚ್ಚು, ಏಳು ಕಡಿಮೆ ಎಂದು ದೊಡ್ಡ ತಿದ್ದುಪಡಿಗಳನ್ನು ಹೊರಬೇಕಿತ್ತು.

ಈ ಆಲ್ಫಾ ಎಂಟನೇ ಒಂದರ ಹೆಜ್ಜೆಗಳಲ್ಲಿ ಎರಡರವರೆಗೆ ಹೋಗುತ್ತದೆ, ಋಣವೂ ಆಗಬಹುದು. ಕೆಂಪಿಗೆ ಒಂದು, ನೀಲಿಗೆ ಒಂದು ಬೇರೆ ಬೇರೆ ಇರುತ್ತದೆ. ನಿಮ್ಮ ಕಾಯಿಯಲ್ಲಿ ಬೆಳಕು ಏರಿದಂತೆ ನೀಲಿಯ ಅಂಶ ಕುಸಿಯುತ್ತದೆ, ಹಾಗಾಗಿ ಅಲ್ಲಿ ಆಲ್ಫಾ ಋಣ. ಚೌಕದ ಗಾತ್ರ 32 ಪಿಕ್ಸೆಲ್ ಅಗಲ, 32 ಎತ್ತರದವರೆಗೆ ಮಾತ್ರ. ಇಡೀ ರಾಶಿಗೆ ಒಂದೇ ಊಹೆ ಎಂದು ಭಾವಿಸಬೇಡಿ. ಒಂದು ಕಾಯಿಯೊಳಗೇ ಹಲವು ಊಹೆಗಳು ಇರಬಹುದು, ಒಂದೊಂದಕ್ಕೂ ಅದರದೇ ತಿದ್ದುಪಡಿ.

ನನಗೆ ಬಹಳ ಇಷ್ಟವಾದ ಭಾಗ ಇನ್ನೊಂದಿದೆ. ಎನ್‌ಕೋಡರ್ ಕೈಯಲ್ಲಿ ಮೂಲ ಚಿತ್ರ ಇದ್ದರೂ ಅದು ಮೂಲ ಲೂಮಾದಿಂದ ಅಂದಾಜು ಮಾಡುವುದಿಲ್ಲ. ಕುಗ್ಗಿಸಿ, ಮತ್ತೆ ಬಿಡಿಸಿ, ಒಂದಿಷ್ಟು ಸವೆದ ಲೂಮಾ ಇರುತ್ತದಲ್ಲ, ನೋಡುವವರ ಮೊಬೈಲಿಗೆ ನಿಜಕ್ಕೂ ಸಿಗುವಂಥದು, ಅದರಿಂದಲೇ ಮಾಡುತ್ತದೆ. ಯಾಕೆಂದರೆ ಎರಡೂ ತುದಿಯ ಪುಸ್ತಕ ಒಂದೇ ಆಗಿರಬೇಕು. ನೀವು ಒಂದು ಅಂದಾಜಿನ ಮೇಲೆ ವ್ಯತ್ಯಾಸ ಹೇಳಿ, ತಮ್ಮ ಇನ್ನೊಂದು ಅಂದಾಜಿನ ಮೇಲೆ ಅದನ್ನು ಕೂಡಿದರೆ ಲೆಕ್ಕ ಕೆಡುತ್ತದೆ. ಡಿಕೋಡರ್ ಪರೀಕ್ಷೆ ಮಾಡುವಾಗ ನಾವು ಒಂದು ಅಂಕಿಯ ವ್ಯತ್ಯಾಸವನ್ನೂ ಬಿಡುತ್ತಿರಲಿಲ್ಲ. ಎರಡು ತುದಿಯಲ್ಲಿ ಪ್ರತಿ ಪಿಕ್ಸೆಲ್ಲೂ ಒಂದೇ ಬರಬೇಕು, ಇಲ್ಲದಿದ್ದರೆ ಆ ಚಿಪ್ ಹೊರಗೆ ಹೋಗುವಂತಿಲ್ಲ. "ಯಂತ್ರದ ಊಹೆ" ಎಂಬ ಮಾತಿನಲ್ಲಿ ಇರುವ ಮನಬಂದಂತೆ ಎಂಬ ಧ್ವನಿ ಇಲ್ಲಿ ಸಲ್ಲುವುದಿಲ್ಲ ಎಂದು ನಾನು ಒತ್ತಿ ಹೇಳುವುದು ಇದೇ ಕಾರಣಕ್ಕೆ.

ವಿವಿಸಿಯಲ್ಲಿ ಆಲ್ಫಾವನ್ನು ಕಳುಹಿಸುವುದೂ ಇಲ್ಲ. ಮೇಲಿನ ಸಾಲು, ಎಡದ ಸಾಲಿನ ಪಿಕ್ಸೆಲ್ಲುಗಳಲ್ಲಿ ಬೆಳಕಿಗೂ ಬಣ್ಣಕ್ಕೂ ಯಾವ ನಂಟಿದೆ ಎಂದು ಎರಡೂ ತುದಿಗಳು ತಾವೇ ಲೆಕ್ಕ ಹಾಕಿಕೊಳ್ಳುತ್ತವೆ. ಉಳಿತಾಯ ಹೆಚ್ಚು, ಆದರೆ ಪಕ್ಕದವರ ನಂಟು ಈ ಚೌಕಕ್ಕೆ ಹೊಂದದಿದ್ದರೆ ಅಂದಾಜು ಹದಗೆಡುತ್ತದೆ. ಇಂಥದೇ ವಿಧಾನ ಎಚ್ಇವಿಸಿ ರೂಪುಗೊಳ್ಳುವಾಗಲೂ ಪರಿಶೀಲನೆಗೆ ಬಂದು, ಕೊನೆಯ ಮಾನದಂಡದಲ್ಲಿ ಸೇರದೆ ಉಳಿಯಿತು.

ಅಂದಾಜು ಎಲ್ಲಿ ತಪ್ಪುತ್ತದೆ? ನಿಮ್ಮ ರಾಶಿಯಲ್ಲೇ ಮೂರು ಜಾಗಗಳಿವೆ. ಒಂದು, ಕಾಯಿಯ ನಯವಾದ ಸಿಪ್ಪೆಯ ಮೇಲೆ ಟ್ಯೂಬ್‌ಲೈಟಿನ ಬಿಳಿ ಮಿನುಗು. ಅಲ್ಲಿ ಬೆಳಕು ಏರುತ್ತದೆ, ಕೆಂಪು ಇಳಿಯುತ್ತದೆ. ಪಕ್ಕದ ಸುಕ್ಕಿನ ನಂಟಿಗೆ ನೇರ ವಿರುದ್ಧ. ಎರಡು, ತೊಟ್ಟು. ಒಣಗಿದ ತೊಟ್ಟಿನ ಬೆಳಕು ಕಾಯಿಯಷ್ಟೇ ಇರಬಹುದು, ಬಣ್ಣ ಬೇರೆ. ಬೆಳಕು ಏನನ್ನೂ ಹೇಳುವುದಿಲ್ಲ. ಮೂರು, ಗೋಣಿಯ ನೂಲು ಕಾಯಿಯ ಪಕ್ಕದಲ್ಲಿ ಬಂದ ಜಾಗ. ನೂಲು ಬೆಳ್ಳಗೆ, ಕೆಂಪಿಲ್ಲ. ಒಂದೇ ಚೌಕದಲ್ಲಿ ಎರಡು ನಂಟುಗಳು ಬಂದರೆ ಒಂದು ಸರಳರೇಖೆ ಎರಡನ್ನೂ ಹಿಡಿಯಲಾರದು. ಆಗ ಎನ್‌ಕೋಡರ್‌ಗೆ ದಾರಿಗಳಿವೆ: ಚೌಕವನ್ನು ಇನ್ನೂ ಸಣ್ಣದಾಗಿ ಒಡೆಯಬಹುದು, ಈ ವಿಧಾನವನ್ನೇ ಬಿಟ್ಟು ಪಕ್ಕದ ಬಣ್ಣದಿಂದ ಅಂದಾಜಿಸಬಹುದು, ಅಥವಾ ದೊಡ್ಡ ತಿದ್ದುಪಡಿಯನ್ನು ಹೊರಬಹುದು. ಅದರ ಬಳಿ ಮೂಲ ಚಿತ್ರ ಇದೆ. ಯಾವುದು ಅಗ್ಗ, ಯಾವುದು ಸರಿ ಎಂದು ತೂಗಿ ನೋಡಿಯೇ ಆರಿಸುತ್ತದೆ.

ಆದರೂ ನಿಮ್ಮ ಅನುಮಾನದಲ್ಲಿ ಸತ್ಯದ ಒಂದು ಎಳೆ ಇದೆ, ಅದನ್ನು ಮುಚ್ಚಿಡುವುದಿಲ್ಲ. ತಿದ್ದುಪಡಿಯನ್ನು ಪೂರ್ತಿ ಕಳುಹಿಸುತ್ತಾರೆ ಎಂದು ನಾನು ಹೇಳಿಲ್ಲ. ಜಾಗ ಉಳಿಸಲು ಅದನ್ನು ಸ್ಥೂಲವಾಗಿ ಸವರುತ್ತಾರೆ. ಅರ್ಧ ಕಿಲೊಗಿಂತ ಕಡಿಮೆ ವ್ಯತ್ಯಾಸವನ್ನು ಹೇಳುವುದೇ ಬೇಡ ಎಂದು ನೀವು ತಮ್ಮನೊಡನೆ ಒಪ್ಪಿಕೊಂಡಂತೆ. ಫೈಲು ಬಹಳ ಸಣ್ಣದಾಗಬೇಕು ಎಂದರೆ ಈ ಗೆರೆ ಇನ್ನೂ ಮೇಲೇರುತ್ತದೆ, ಆಗ ತಿದ್ದುಪಡಿ ಸೊನ್ನೆಯಾಗಿ ಬರಿಯ ಅಂದಾಜೇ ಪರದೆಯ ಮೇಲೆ ಉಳಿಯುತ್ತದೆ. ಬೆಳಕಿನ ಮಿನುಗು ಬಣ್ಣದ ಮೇಲೆ ಮಚ್ಚೆಯಂತೆ ಕಾಣಬಹುದು. ಆದರೆ ಅದೇ ಇಕ್ಕಟ್ಟಿನಲ್ಲಿ ಈ ವಿಧಾನ ಇಲ್ಲದ ಕೋಡೆಕ್ ಕೊಡುವುದೇನು? ಚೌಕಕ್ಕೆಲ್ಲ ಒಂದೇ ಕೆಂಪು. ನಿಮ್ಮ ವಿಡಿಯೊದಲ್ಲಿ ಈಗ ಕಾಣುತ್ತಿರುವ ಮುದ್ದೆ ಅದೇ. ಈ ವಿಧಾನವನ್ನು ಎವಿ1ಗೆ ಸೇರಿಸಿದವರು ಬಣ್ಣದ ವ್ಯತ್ಯಾಸವನ್ನು ಅಳೆಯುವ ಮಾಪನದಲ್ಲಿ ಕಂಡುಕೊಂಡ ಉಳಿತಾಯ ಸ್ಥಿರ ಚಿತ್ರಗಳಲ್ಲಿ ಸರಾಸರಿ ಶೇಕಡ 5, ವಿಡಿಯೊದಲ್ಲಿ ಶೇಕಡ 2. ದೊಡ್ಡ ಪವಾಡವಲ್ಲ, ಆದರೆ ಅದು ಬಣ್ಣದ ಪರವಾಗಿ ದುಡಿಯುವ ವಿಧಾನ. ಅದನ್ನು ನಿಲ್ಲಿಸಿದರೆ ನಷ್ಟ ನಿಮ್ಮದೇ.

ಹಾಗಾದರೆ ನಿಮ್ಮ ಕೆಂಪು ಕಳೆದದ್ದು ಎಲ್ಲಿ? ದಾರಿಯುದ್ದಕ್ಕೂ ಹಲವು ಕಡೆ.

ಮೊದಲನೆಯದು ಕ್ಯಾಮೆರಾದ ಒಳಗೆ. ನಿಮ್ಮ ಮೊಬೈಲಿನ ಸೆನ್ಸರ್‌ನಲ್ಲಿ ಪ್ರತಿ ಬಿಂದುವಿಗೂ ಮೂರು ಬಣ್ಣ ಕಾಣುವುದಿಲ್ಲ. ಒಂದೊಂದರ ಮೇಲೆ ಒಂದೊಂದು ಬಣ್ಣದ ಸೋಸುಗಾಜು ಇರುತ್ತದೆ: ಅರ್ಧದಷ್ಟು ಹಸಿರು, ಕಾಲು ಕೆಂಪು, ಕಾಲು ನೀಲಿ. 1976ರಲ್ಲಿ ಕೊಡಾಕ್‌ನ ಬ್ರೈಸ್ ಬೇಯರ್ ಪೇಟೆಂಟ್ ಪಡೆದ ಈ ಜೋಡಣೆಯೇ ಇಂದಿಗೂ ಮೂಲ ಮಾದರಿ. ಕಡುಗೆಂಪು ಕಾಯಿಯನ್ನು ಸರಿಯಾಗಿ ಕಾಣುವುದು ನಾಲ್ಕರಲ್ಲಿ ಒಂದು ಬಿಂದು. ಉಳಿದ ಕಡೆಯ ಕೆಂಪನ್ನು ಮೊಬೈಲು ಅಕ್ಕಪಕ್ಕದಿಂದ ಊಹಿಸಿ ತುಂಬುತ್ತದೆ. ಯಾರೂ ಬಂದು ತಿದ್ದದ ನಿಜವಾದ ಊಹೆ ಇದು. ಇಲ್ಲಿ ತೂಕದ ಚೀಟಿಯೇ ಇಲ್ಲ. ನಿಮಗೆ ಯಾರೋ ಹೇಳಿದ ಮಾತು ಕೋಡೆಕ್‌ಗಿಂತ ಇದಕ್ಕೆ ಹೆಚ್ಚು ಒಪ್ಪುತ್ತದೆ.

ಎರಡನೆಯದು, ನನ್ನ ಅನುಭವದಲ್ಲಿ ನಿಮ್ಮ ಸಮಸ್ಯೆಯ ದೊಡ್ಡ ಪಾಲು ಇದರದೇ. ಬೆಳಕು ಯಾವ ಬಣ್ಣದ್ದು ಎಂದು ಮೊಬೈಲು ತಾನೇ ನಿರ್ಧರಿಸಿ ಬಿಳಿಯನ್ನು ಸರಿದೂಗಿಸುತ್ತದೆ. ಇದನ್ನು ವೈಟ್ ಬ್ಯಾಲೆನ್ಸ್ ಎನ್ನುತ್ತಾರೆ. ಚೌಕಟ್ಟಿನ ತುಂಬ ನೀಲಿ ತಾಡಪತ್ರಿ ಬಂದರೆ "ಬೆಳಕೇ ನೀಲಿ" ಎಂದುಕೊಂಡು ಚಿತ್ರವನ್ನು ಹಳದಿಯತ್ತ ತಳ್ಳುತ್ತದೆ, ಕಾಯಿ ಕಿತ್ತಳೆಯಾಗುತ್ತದೆ. ನೀವು ಹತ್ತಿರ ಹೋಗಿ ಚೌಕಟ್ಟಿನ ತುಂಬ ಕಾಯಿಯೇ ಬಂದರೆ "ಬೆಳಕೇ ಕೆಂಪು" ಎಂದುಕೊಂಡು ಕೆಂಪನ್ನು ಕಡಿಮೆ ಮಾಡುತ್ತದೆ, ಕಾಯಿ ಕಂದಾಗುತ್ತದೆ. ಒಮ್ಮೆ ಕಿತ್ತಳೆ, ಒಮ್ಮೆ ಕಂದು ಎಂದು ನೀವು ಬರೆದದ್ದು ಇದಕ್ಕೆ ಸರಿಯಾಗಿ ಹೊಂದುತ್ತದೆ. ನಿಮ್ಮ ಪ್ರಶ್ನೆ ಬಂದ ಮೇಲೆ ಇಲ್ಲಿನ ದುರ್ಗದ ಬೈಲಿನ ಪೇಟೆಯಿಂದ ಅರ್ಧ ಕಿಲೊ ಬ್ಯಾಡಗಿ ಕಾಯಿ ತಂದು ಮನೆಯ ಮಾಳಿಗೆಯ ಮೇಲೆ ನೀಲಿ ಹಾಳೆಯ ಮೇಲೂ ಬಿಳಿ ಬಟ್ಟೆಯ ಮೇಲೂ ಹರಡಿ ತೆಗೆದು ನೋಡಿದೆ. ಒಂದೇ ಹೊತ್ತು, ಒಂದೇ ಮೊಬೈಲು, ಒಂದೇ ಕಾಯಿ. ಪಕ್ಕಪಕ್ಕದಲ್ಲಿ ಇಟ್ಟು ತೋರಿಸಿದಾಗ ಮನೆಯವರು ಎರಡು ಬೇರೆ ಮಾಲು ಎಂದರು. ಆಗ ನಿಮ್ಮ ಖರೀದಿದಾರರ ಮಾತು ನನಗೆ ಇನ್ನಷ್ಟು ಅರ್ಥವಾಯಿತು.

ಮೂರನೆಯದು ಚೀಲದ ಅಕ್ಷರ. ನಾಲ್ಕು ಪಿಕ್ಸೆಲ್ಲಿಗೆ ಒಂದೇ ಬಣ್ಣ ಎಂದೆನಲ್ಲ, ಅದರ ಪೆಟ್ಟು ಇದು. ಕಪ್ಪು ಅಕ್ಷರವಾದರೆ ಅದರ ಅಂಚನ್ನು ಲೂಮಾ ಹಿಡಿದಿಡುತ್ತದೆ. ಕೆಂಪು ಅಕ್ಷರದ ಗುರುತು ಹೆಚ್ಚಾಗಿ ಕ್ರೋಮಾದಲ್ಲಿ ಇರುತ್ತದೆ, ಅದು ಮೊದಲೇ ಅರ್ಧವಾಗಿದೆ. ಎಚ್‌ಡಿ ವಿಡಿಯೊದ ಲೆಕ್ಕದಲ್ಲಿ ಲೂಮಾಕ್ಕೆ ಹಸಿರು ಕೊಡುವುದು ಶೇಕಡ 72, ಕೆಂಪು ಶೇಕಡ 21, ನೀಲಿ ಶೇಕಡ 7. ನೀಲಿ ತಾಡಪತ್ರಿಯ ಮೇಲಿನ ಕಡುಗೆಂಪು ಕಾಯಿ ಕಪ್ಪು ಬಿಳುಪಿನಲ್ಲಿ ನೋಡಿದರೆ ಕತ್ತಲ ಮೇಲೆ ಕತ್ತಲು. ಎನ್‌ಕೋಡರ್‌ಗಳು ಎಲ್ಲಿ ಸೂಕ್ಷ್ಮ ಇದೆ, ಎಲ್ಲಿ ಹೆಚ್ಚು ಜಾಗ ಕೊಡಬೇಕು ಎಂಬುದನ್ನು ಬಹುಮಟ್ಟಿಗೆ ಲೂಮಾ ನೋಡಿ ನಿರ್ಧರಿಸುತ್ತವೆ. ನಿಮ್ಮ ರಾಶಿ ಅವುಗಳ ಕಣ್ಣಿಗೆ ಮಸಕು ಗೋಡೆಯಂತೆ ಕಂಡು ಜಾಗ ಸಿಗುವುದಿಲ್ಲ. ಸುಕ್ಕುಗಳು ಅಳಿದು ಮುದ್ದೆಯಾಗಲು ಇದೂ ಕಾರಣ. ಕೆಂಪಿಗೆ ವಿಡಿಯೊದಲ್ಲಿ ಮೊದಲಿನಿಂದಲೂ ಅನ್ಯಾಯವಾಗಿದೆ ಎಂದು ನಾನು ನಂಬುತ್ತೇನೆ. ಬೆಳಕಿನಿಂದ ಬಣ್ಣ ಹಿಡಿಯುವ ವಿಧಾನವನ್ನು ನಾನು ಇಷ್ಟು ಸಮರ್ಥಿಸುವುದು ಅದಕ್ಕೇ.

ನಾಲ್ಕನೆಯದು ಸ್ವಲ್ಪ ಸೂಕ್ಷ್ಮ. ಕೆಂಪು, ಹಸಿರು, ನೀಲಿಯಿಂದ ಲೂಮಾ ಮಾಡಲು ಎರಡು ಸೂತ್ರಗಳು ಬಳಕೆಯಲ್ಲಿವೆ: ಹಳೆಯ ಟಿವಿಯ 601, ಎಚ್‌ಡಿಯ 709. ಯಾವುದನ್ನು ಬಳಸಿದೆ ಎಂಬ ಗುರುತು ಫೈಲಿನಲ್ಲಿ ಇರಬೇಕು. ಗುರುತು ಕಳೆದುಹೋಗಿ 601ರಲ್ಲಿ ಬರೆದದ್ದನ್ನು 709 ಎಂದು ಓದಿದರೆ ಶುದ್ಧ ಕೆಂಪಿಗೆ ಹಸಿರು ಬೆರೆತು ಕಿತ್ತಳೆಯತ್ತ ವಾಲುತ್ತದೆ. ತಿರುಗಿ ಓದಿದರೆ ಕೆಂಪು ಮಂಕಾಗುತ್ತದೆ. ಕೆಲವು ವರ್ಷಗಳ ಹಿಂದೆ ಧಾರವಾಡದ ಒಬ್ಬರು ಮದುವೆಯ ವಿಡಿಯೊ ತಂದರು. ವಧುವಿನ ಕೆಂಪು ಸೀರೆ ಕಂಪ್ಯೂಟರಿನಲ್ಲಿ ಸರಿಯಾಗಿತ್ತು, ಟಿವಿಯಲ್ಲಿ ಕುಂಕುಮಕೇಸರಿಯಾಗಿತ್ತು. ಕ್ಯಾಮೆರಾ, ಟಿವಿ ಎಲ್ಲವನ್ನೂ ಶಂಕಿಸಿ ಮೂರು ದಿನ ಕಳೆದ ಮೇಲೆ ಸಿಕ್ಕಿದ್ದು ಈ ಗುರುತಿನ ಕೊರತೆ. ಗುರುತನ್ನು ಸೇರಿಸಿದೆ, ಒಂದು ಪಿಕ್ಸೆಲ್ಲನ್ನೂ ಮುಟ್ಟಲಿಲ್ಲ, ಸೀರೆ ಕೆಂಪಾಯಿತು. ಆ್ಯಪ್‌ನಿಂದ ಆ್ಯಪ್‌ಗೆ ಹೋಗುವ ವಿಡಿಯೊದಲ್ಲಿ ಇದು ಆಗಬಹುದು. ಬೆಳಕು ನೆರಳುಗಳ ಹೆಚ್ಚಿನ ವ್ಯಾಪ್ತಿಯನ್ನು ಹಿಡಿಯುವ ಎಚ್‌ಡಿಆರ್ ಎಂಬ ವಿಧಾನದಲ್ಲಿ ತೆಗೆದ ವಿಡಿಯೊ ಸಾಮಾನ್ಯ ಪರದೆಗೆ ಹೋದಾಗಲೂ ಇಂಥದೇ ತೊಂದರೆ. ಇದರ ಮೇಲೆ ಖರೀದಿದಾರರ ಮೊಬೈಲಿನ ಪರದೆ ಬಣ್ಣವನ್ನು ಎದ್ದು ಕಾಣುವಂತೆ ಹೊಂದಿಸಿದ್ದರೆ ಅದೂ ಸೇರುತ್ತದೆ, ಅದು ನಿಮ್ಮ ಕೈಯಲ್ಲಿಲ್ಲ.

ನೀವು ಮಾಡಬಹುದಾದದ್ದು ಇನ್ನು. ಖರ್ಚಿಲ್ಲದ್ದು ಮೊದಲು: ನೀಲಿ ತಾಡಪತ್ರಿಯನ್ನು ಬಿಡಿ. ಬೂದು ಅಥವಾ ಬಿಳಿ ಹತ್ತಿ ಬಟ್ಟೆ ಹಾಸಿ. ಶೆಡ್ಡಿನ ಬಾಗಿಲ ಬಳಿ, ನೇರ ಬಿಸಿಲು ಬೀಳದ ಹಗಲು ಬೆಳಕಿನಲ್ಲಿ ತೆಗೆಯಿರಿ. ಟ್ಯೂಬ್‌ಲೈಟ್ ಆರಿಸಿ; ಎರಡು ಬಗೆಯ ಬೆಳಕು ಬೆರೆತರೆ ಯಾವ ಮೊಬೈಲೂ ಸರಿದೂಗಿಸಲಾರದು. ಕ್ಯಾಮೆರಾ ಆ್ಯಪ್‌ನಲ್ಲಿ ಪ್ರೊ ವಿಧಾನ ಇದ್ದರೆ ವೈಟ್ ಬ್ಯಾಲೆನ್ಸನ್ನು ಒಂದು ಕಡೆ ನಿಲ್ಲಿಸಿ, ಎಚ್‌ಡಿಆರ್ ಆಫ್ ಮಾಡಿ, ಕ್ಯಾಮೆರಾ ಹಿಡಿಯುವ ಬೆಳಕನ್ನು (ಎಕ್ಸ್‌ಪೋಷರ್) ಒಂದು ಹೆಜ್ಜೆ ಕಡಿಮೆ ಮಾಡಿ. ಕೆಂಪು ಒಮ್ಮೆ ಮಿತಿ ಮೀರಿ ತುಂಬಿಕೊಂಡರೆ ಅದರ ಸುಕ್ಕು, ಛಾಯೆ ಯಾವುದೂ ಮರಳಿ ಬರುವುದಿಲ್ಲ. ಹಸಿರು ಮಾತ್ರ ಏರುತ್ತ ಹೋಗಿ ಕಾಯಿ ಕಿತ್ತಳೆಯಾಗುತ್ತದೆ. ಇದರ ಅಪಾಯವನ್ನೂ ಹೇಳಬೇಕು. ಬೆಳಕು ಬಹಳ ಕಡಿಮೆಯಾದರೆ ನೆರಳಿನಲ್ಲಿ ಕಾಳುಕಾಳು ಬರುತ್ತದೆ, ಕುಗ್ಗಿಸುವಾಗ ಅದು ಮತ್ತೆ ಮುದ್ದೆಯೇ. ನಿಲ್ಲಿಸಿದ ವೈಟ್ ಬ್ಯಾಲೆನ್ಸನ್ನು ಸಂಜೆ ಬದಲಿಸಲು ಮರೆತರೆ ಇಡೀ ದಿನದ ವಿಡಿಯೊ ಒಂದೇ ತಪ್ಪನ್ನು ಹೊತ್ತಿರುತ್ತದೆ.

ಕೈಯನ್ನು ನಿಧಾನವಾಗಿ ಆಡಿಸಿ. ರಾಶಿಯ ಮೇಲೆ ಬೀಸಿ ತೆಗೆದ ಮೂವತ್ತು ಸೆಕೆಂಡಿಗಿಂತ ಒಂದು ಬೊಗಸೆ ಕಾಯಿಯನ್ನು ಹತ್ತಿರದಿಂದ ಅಲುಗಾಡದೆ ತೆಗೆದ ಹತ್ತು ಸೆಕೆಂಡು ಒಳ್ಳೆಯದು. ಚಿತ್ರದಿಂದ ಚಿತ್ರಕ್ಕೆ ಬದಲಾವಣೆ ಕಡಿಮೆಯಾದಷ್ಟೂ ಉಳಿದ ಜಾಗ ಸುಕ್ಕಿಗೆ, ಬಣ್ಣಕ್ಕೆ ಸಿಗುತ್ತದೆ.

ಕಳುಹಿಸುವಾಗ ವಿಡಿಯೊ ಎಂದು ಕಳುಹಿಸದೆ ಡಾಕ್ಯುಮೆಂಟ್ ಎಂದು ಕಳುಹಿಸಿದರೆ ಆ್ಯಪ್ ಅದನ್ನು ಮತ್ತೆ ಕುಗ್ಗಿಸುವುದಿಲ್ಲ. ಫೈಲು ದೊಡ್ಡದಾಗುತ್ತದೆ, ಖರೀದಿದಾರರ ಹಳೆಯ ಮೊಬೈಲಿನಲ್ಲಿ ಎಚ್ಇವಿಸಿ ತೆರೆಯದೆ ಇರಬಹುದು. ಹಾಗಿದ್ದರೆ ನಿಮ್ಮ ಕ್ಯಾಮೆರಾದಲ್ಲಿ ಎಚ್.264 ಆರಿಸಿ. 4ಕೆಯಲ್ಲಿ ತೆಗೆದು ಯೂಟ್ಯೂಬಿನಲ್ಲಿ ಕೊಂಡಿ ಇದ್ದವರಿಗೆ ಮಾತ್ರ ಕಾಣುವಂತೆ ಹಾಕುವುದು ಇನ್ನೊಂದು ದಾರಿ. 4ಕೆಯಲ್ಲಿ ಕ್ರೋಮಾ ಅರ್ಧವಾದರೂ 1920 ಮತ್ತು 1080 ಉಳಿಯುತ್ತದೆ. ಎಚ್‌ಡಿ ಪರದೆಯಲ್ಲಿ 4ಕೆ ಆಗಿಯೇ ನೋಡಿದವರಿಗೆ ಪ್ರತಿ ಪಿಕ್ಸೆಲ್ಲಿಗೂ ಅದರದೇ ಬಣ್ಣ ಸಿಗುತ್ತದೆ, ಚೀಲದ ಅಕ್ಷರವೂ ನಿಲ್ಲುತ್ತದೆ. ನೆಟ್ ನಿಧಾನವಿದ್ದವರಿಗೆ ಇದರಿಂದ ಪ್ರಯೋಜನವಿಲ್ಲ.

ದುಬಾರಿ ಕ್ಯಾಮೆರಾ ಬೇಡ. ಬಣ್ಣವನ್ನು ಅಗಲದಲ್ಲಿ ಮಾತ್ರ ಅರ್ಧ ಮಾಡುವ 4:2:2 ಅಥವಾ ಅರ್ಧವನ್ನೇ ಮಾಡದ 4:4:4ರಲ್ಲಿ ಬರೆಯುವ ಕ್ಯಾಮೆರಾಗಳಿವೆ, ಸಿನಿಮಾ ಕೆಲಸಕ್ಕೆ ಅವು ಬೇಕು. ನೀವು ಅದರಲ್ಲಿ ತೆಗೆದದ್ದನ್ನು ಆ್ಯಪ್ ಮರುಕ್ಷಣವೇ 4:2:0ಗೆ ಇಳಿಸುತ್ತದೆ. ಆ ಹಣವನ್ನು ಒಂದು ಬೂದು ಹಲಗೆಗೆ ಹಾಕಿ. ಫೋಟೊ ಸಾಮಾನಿನ ಅಂಗಡಿಯಲ್ಲಿ ಗ್ರೇ ಕಾರ್ಡ್ ಎಂದು ಕೇಳಿ. ಪ್ರತಿ ವಿಡಿಯೊದ ಮೊದಲ ಎರಡು ಸೆಕೆಂಡು ಅದನ್ನು ಕಾಯಿಯ ಪಕ್ಕದಲ್ಲಿ ಇಟ್ಟು ತೋರಿಸಿ. ಬೂದು ಬೂದಾಗಿ ಕಂಡರೆ ಕೆಂಪನ್ನೂ ನಂಬಬಹುದು, ಬೂದು ಹಳದಿಯಾಗಿ ಕಂಡರೆ ಕೆಂಪು ಎಷ್ಟು ವಾಲಿದೆ ಎಂದು ಖರೀದಿದಾರರಿಗೂ ತಿಳಿಯುತ್ತದೆ.

ಇಷ್ಟೆಲ್ಲ ಮಾಡಿದರೂ ವಿಡಿಯೊದ ಮೇಲೆ ಬೆಲೆ ಕಟ್ಟಬೇಡಿ, ಕಟ್ಟಲು ಬಿಡಬೇಡಿ. ಕಾಯಿಯ ಬಣ್ಣಕ್ಕೆ ಆಸ್ಟಾ ಎಂಬ ಅಳತೆ ಇದೆ, ನಿಮಗೆ ಗೊತ್ತಿರುವುದೇ. ಪುಡಿಯ ಬಣ್ಣವನ್ನು ಅಸಿಟೋನ್‌ನಲ್ಲಿ ಇಳಿಸಿ, 460 ನ್ಯಾನೊಮೀಟರ್ ತರಂಗದ ಬೆಳಕನ್ನು ಅದು ಎಷ್ಟು ಹೀರುತ್ತದೆ ಎಂದು ಯಂತ್ರದಲ್ಲಿ ನೋಡುತ್ತಾರೆ. ಅಲ್ಲಿ ಪರದೆ ಇಲ್ಲ, ವೈಟ್ ಬ್ಯಾಲೆನ್ಸ್ ಇಲ್ಲ, ಕೋಡೆಕ್ ಇಲ್ಲ. ಲಾಟಿನ ವಿಡಿಯೊ ಜೊತೆಗೆ ಆಸ್ಟಾ ಅಂಕಿಯ ಚೀಟಿಯ ಫೋಟೊ ಹೋದರೆ "ತೋರಿಸಿದ್ದು ಒಂದು, ಕಳುಹಿಸಿದ್ದು ಇನ್ನೊಂದು" ಎಂಬ ಮಾತಿಗೆ ಎಡೆ ಇರುವುದಿಲ್ಲ. ವಿಡಿಯೊ ಕಾಯಿಯ ಆಕಾರ, ತೊಟ್ಟು, ಒಣಗಿದ ಹದ, ಬಿಳಿಗಾಯಿ ಎಷ್ಟಿದೆ ಎಂಬುದನ್ನು ತೋರಿಸಲಿ.

ಈ ವಾರವೇ ಒಂದು ಪರೀಕ್ಷೆ ಮಾಡಿ ನೋಡಿ. ಒಂದೇ ಲಾಟಿನ ಕಾಯಿಯನ್ನು ಮೂರು ಬಾರಿ ತೆಗೆಯಿರಿ: ಈಗಿನಂತೆ ತಾಡಪತ್ರಿಯ ಮೇಲೆ, ಬಿಳಿ ಬಟ್ಟೆಯ ಮೇಲೆ ಹಗಲು ಬೆಳಕಿನಲ್ಲಿ, ಬಿಳಿ ಬಟ್ಟೆಯ ಮೇಲೆಯೇ ಬೂದು ಹಲಗೆ ಇಟ್ಟು, ವೈಟ್ ಬ್ಯಾಲೆನ್ಸ್ ನಿಲ್ಲಿಸಿ. ಮೂರನ್ನೂ ಮನೆಯ ಇನ್ನೊಂದು ಮೊಬೈಲಿಗೆ ಒಮ್ಮೆ ವಿಡಿಯೊ ಎಂದು, ಒಮ್ಮೆ ಡಾಕ್ಯುಮೆಂಟ್ ಎಂದು ಕಳುಹಿಸಿ. ಆ ಮೊಬೈಲನ್ನು ರಾಶಿಯ ಪಕ್ಕದಲ್ಲೇ ಹಿಡಿದು ಆರನ್ನೂ ನೋಡಿ. ತಾಡಪತ್ರಿಯಿಂದ ಬಟ್ಟೆಗೆ ಬಂದಾಗ ಆಗುವ ಬದಲಾವಣೆ, ವಿಡಿಯೊದಿಂದ ಡಾಕ್ಯುಮೆಂಟಿಗೆ ಬಂದಾಗ ಆಗುವ ಬದಲಾವಣೆ, ಇವೆರಡರಲ್ಲಿ ಯಾವುದು ದೊಡ್ಡದೋ ಅಲ್ಲಿಂದ ನಿಮ್ಮ ಕೆಲಸ ಆರಂಭಿಸಿ. ಮೂರನೆಯ ವಿಡಿಯೊ ಡಾಕ್ಯುಮೆಂಟ್ ಆಗಿ ಬಂದ ಮೇಲೂ ಕೆಂಪು ವಾಲಿದ್ದರೆ ಮೂಲ ಫೈಲನ್ನು ಹಾಗೆಯೇ ನನಗೆ ಕಳುಹಿಸಿ. 601, 709ರ ಗುರುತನ್ನು ನಾನು ನೋಡಿ ಹೇಳುತ್ತೇನೆ.